ಉಬ್ಬರವಿಳಿತದ ಟರ್ಬೈನ್ ಬಳಿ ಸೀಲ್, ಮೀನುಗಳನ್ನು ಗಮನಿಸಲು ಎಂಥ ಇಮೇಜಿಂಗ್ ಸೋನಾರ್ (ಸದ್ದು ಕಳಿಸಿ, ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಉಪಕರಣ) ಬೇಕು?
ಪ್ರಾಣಿಯ ಗಾತ್ರ ನೋಡಿ ಸದ್ದಿನ ಆವರ್ತನ ಆರಿಸಿ. ಸೀಲ್‌ಗಳಿಗೆ 700 ಕಿಲೋಹರ್ಟ್ಸ್ ಆಸುಪಾಸು ಸಾಕು, ಹತ್ತಾರು ಮೀಟರ್ ದೂರದವರೆಗೆ ಜಾಡು ಸಿಗುತ್ತದೆ. ಮೀನಿನ ಆಕಾರವೇ ಕಾಣಬೇಕೆಂದರೆ 1.8 ಮೆಗಾಹರ್ಟ್ಸ್ ಬೇಕಾಗಬಹುದು. ನೀರು ಆ ಆವರ್ತನದ ಸದ್ದನ್ನು ಬೇಗ ಹೀರಿಕೊಳ್ಳುವುದರಿಂದ ವ್ಯಾಪ್ತಿ 10–15 ಮೀಟರ್ ಅಷ್ಟೇ.

ನಿಜವಾದ ತಲೆನೋವು ಪ್ರಾಣಿ ಎಷ್ಟು ಆಳದಲ್ಲಿದೆ ಎಂಬುದು. ಚಿತ್ರದಲ್ಲಿ ದೂರ, ದಿಕ್ಕು ಮಾತ್ರ ಇರುತ್ತವೆ. ಸದ್ದಿನ ಕಿರಣ ಲಂಬವಾಗಿ 20 ಡಿಗ್ರಿ ಹರಡಿದ್ದರೆ 30 ಮೀಟರ್ ದೂರದಲ್ಲಿ ಅದರ ಎತ್ತರ ಸುಮಾರು 10.5 ಮೀಟರ್; ಪ್ರಾಣಿ ಟರ್ಬೈನ್‌ನ ಅಲಗಿಗೆ ಎದುರಾಯಿತೋ, ಮೇಲಿಂದ ದಾಟಿತೋ ತಿಳಿಯದು. ಎರಡು ಸೋನಾರ್‌ಗಳನ್ನು ಲಂಬವಾಗಿ ಬೇರೆ ಬೇರೆ ಕೋನಕ್ಕೆ ಓರೆಮಾಡಿ ಕೂರಿಸಿ, ಪ್ರತಿಧ್ವನಿಗಳ ತೀವ್ರತೆ ಹೋಲಿಸಿದರೆ ಆಳ ಅಂದಾಜಾಗುತ್ತದೆ. ಎರಡೂ ಸರದಿಯಂತೆ ಮಿಡಿಯಬೇಕು, ಇಲ್ಲದಿದ್ದರೆ ಒಂದರ ಸದ್ದು ಇನ್ನೊಂದರಲ್ಲಿ ಗೆರೆಗಳಾಗಿ ಮೂಡುತ್ತದೆ.

ಸುಳಿಯಲ್ಲಿನ ಗುಳ್ಳೆಗಳೂ ಪ್ರಾಣಿಯಂತೆ ತೋರುತ್ತವೆ, ಆದರೆ ಅವು ಹರಿವಿನ ಜೊತೆಗೇ ಸಾಗುತ್ತವೆ. ಗುರುತಿನ ವೇಗದಿಂದ ಹರಿವಿನ ವೇಗವನ್ನು ಕಳೆದ ಮೇಲೂ ಚಲನೆ ಉಳಿದರೆ, ಅದು ಪ್ರಾಣಿಯೇ ಎಂದು ಪರಿಶೀಲಿಸಿ.