ಕರುವಿನ ರೋಟಾವೈರಸ್ ಕೂಸಿಗೆ ಬರುತ್ತದೆಯೇ?

ಕೊಟ್ಟಿಗೆಯ ಕರುವಿಗೆ ರೋಟಾವೈರಸ್ ಭೇದಿ, ಮನೆಯಲ್ಲಿ ಎರಡು ತಿಂಗಳ ಕೂಸು. ಅದಕ್ಕೂ ತಗಲುತ್ತದೆಯೇ, ದನದ ವೈರಸ್ಸಿಗೆ ಮಕ್ಕಳ ಲಸಿಕೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಕರುವಿನಿಂದ ನೇರವಾಗಿ ಮಗುವಿಗೆ ದಾಟುವುದು ಅಪರೂಪ, ಆದರೆ ಆಗುವುದುಂಟು. ಮಕ್ಕಳಿಗೆ ಬರುವ ರೋಟಾ ಬಹುಪಾಲು ಇನ್ನೊಂದು ಮಗುವಿನದು, ದೊಡ್ಡವರ ಕೈ ಮೂಲಕ ಬಂದದ್ದು.

ನಾನು ಕೆಲವು ವರ್ಷ ಪ್ರಯೋಗಾಲಯದಲ್ಲಿ ಇದೇ ವೈರಸ್ಸಿನ ಮೇಲೆ ಕೆಲಸ ಮಾಡಿದವಳು. ಮಲದ ಮಾದರಿಯಿಂದ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, ತೆಗೆದು, ಲೋಳೆಯಂಥ ಜೆಲ್‌ನಲ್ಲಿ ಓಡಿಸಿ, ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟರೆ ಹನ್ನೊಂದು ಗೆರೆ ಮೂಡುತ್ತವೆ: ಮೇಲಿನಿಂದ ನಾಲ್ಕು, ಎರಡು, ಮೂರು, ಎರಡು. ಎಷ್ಟು ಸಲ ನೋಡಿದರೂ ನನಗೆ ಸಾಕಾಗಲಿಲ್ಲ. ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಆ ಗೆರೆಗಳಲ್ಲೇ ಇದೆ. ಈ ವೈರಸ್ಸಿನ ವಂಶವಾಹಿ ಒಂದೇ ಉದ್ದನೆಯ ಎಳೆಯಲ್ಲ, 11 ತುಂಡು; ಒಂದೊಂದು ಗೆರೆಯೂ ಒಂದೊಂದು ತುಂಡು. ಕರುಳಿನ ಒಂದೇ ಜೀವಕೋಶಕ್ಕೆ ದನದ ರೋಟಾ, ಮನುಷ್ಯರ ರೋಟಾ ಎರಡೂ ಹೊಕ್ಕರೆ, ಹೊರಬರುವ ಹೊಸ ವೈರಸ್ಸಿನಲ್ಲಿ ಇದರ ಕೆಲವು ತುಂಡು, ಅದರ ಕೆಲವು ತುಂಡು ಸೇರಿರಬಹುದು. ನಕಲು ಮಾಡುವಾಗಿನ ಸಣ್ಣ ತಪ್ಪುಗಳಿಂದಲೂ ತಳಿ ಬದಲಾಗುತ್ತದೆ, ಆದರೆ ದೊಡ್ಡ ಜಿಗಿತ ಈ ಕೂಡಿಕೆಯಿಂದ. ಹೊರಕವಚದ ಎರಡು ಪ್ರೋಟೀನ್ ನೋಡಿ ತಳಿಗೆ ಜಿ, ಪಿ ಎಂದು ಸಂಖ್ಯೆ ಕೊಡುತ್ತಾರೆ. ಈಗ 40ಕ್ಕೂ ಹೆಚ್ಚು ಜಿ, 50ಕ್ಕೂ ಹೆಚ್ಚು ಪಿ ಬಗೆಗಳು ಗೊತ್ತು. ಮನುಷ್ಯರಲ್ಲಿ ಓಡಾಡುವವು ಅದರಲ್ಲಿ ಬೆರಳೆಣಿಕೆಯಷ್ಟು.

ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಇಲ್ಲಿನ ನವಜಾತ ಶಿಶುಗಳಲ್ಲಿ ಒಂದು ರೋಟಾ ಸಿಕ್ಕಿತು. ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅದನ್ನು ಐ321 ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದರು. 1990ರ ದಶಕದ ಆರಂಭದಲ್ಲಿ ಗೊತ್ತಾದದ್ದು: 11 ತುಂಡುಗಳಲ್ಲಿ ಒಂಬತ್ತು ದನದ ವೈರಸ್ಸಿನವು, ಎರಡು ಮಾತ್ರ ಮನುಷ್ಯರದು! ಅದರ ಬಗೆ ಜಿ10ಪಿ11. ಹಾಗೆಂದು ಈ ಬಗೆ ಎಲ್ಲೆಡೆ ನಿರಪಾಯಕಾರಿ ಎನ್ನುವಂತಿಲ್ಲ. ವೆಲ್ಲೂರಿನಲ್ಲಿ ಇದೇ ಜಿ10ಪಿ11 ಕೆಲವು ನವಜಾತರಿಗೆ ಭೇದಿ ತಂದಿತ್ತು.

ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೂ ಭೇದಿಯಿಲ್ಲದ ನವಜಾತರಲ್ಲಿ ಇಂಥದೇ ಒಂದು ತಳಿ ಸಿಕ್ಕಿತು, 116ಇ. ಅದು ಮನುಷ್ಯರ ವೈರಸ್ಸೇ, ಪಿ ಪ್ರೋಟೀನಿನ ತುಂಡು ಮಾತ್ರ ದನದ ಮೂಲದ್ದು. ಅದೇ ಮುಂದೆ ರೋಟಾವ್ಯಾಕ್ ಲಸಿಕೆಯಾಯಿತು. ರೋಟಾಸಿಲ್ ಎಂಬ ಇನ್ನೊಂದು ಲಸಿಕೆಯಲ್ಲೂ ದನದ ವೈರಸ್ಸಿನ ಬೆನ್ನೆಲುಬಿಗೆ ಮನುಷ್ಯರ ತಳಿಗಳ ಹೊರಕವಚದ ಜಿ ಪ್ರೋಟೀನ್ ಕೂಡಿಸಿದ್ದಾರೆ. ನೀವು ಹೆದರುತ್ತಿರುವ ಕೂಡಿಕೆಯೇ ಇಲ್ಲಿ ಮಕ್ಕಳ ಕಾವಲಿಗೆ ನಿಂತಿದೆ.

ಲಸಿಕೆ ನಡೆಯುತ್ತದೆಯೇ ಎಂದರೆ, ಖಂಡಿತ ಹಾಕಿಸಿ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ನಡೆದ ಪರೀಕ್ಷೆಯಲ್ಲಿ ರೋಟಾವ್ಯಾಕ್ ಮೊದಲ ವರ್ಷ ತೀವ್ರ ರೋಟಾ ಭೇದಿಯನ್ನು ಸುಮಾರು ಶೇ. 56ರಷ್ಟು ತಗ್ಗಿಸಿತು. ಅಲ್ಲಿ ಮಕ್ಕಳನ್ನು ಕಾಡುತ್ತಿದ್ದ ತಳಿಗಳು ಹೆಚ್ಚಾಗಿ ಲಸಿಕೆಯ ತಳಿಗಿಂತ ಬೇರೆ ಬಗೆಯವು, ಆದರೂ ರಕ್ಷಣೆ ಸಿಕ್ಕಿತು. ಪೂರ್ತಿ ತಡೆ ಅಲ್ಲ, ನಿಜ. ಆದರೆ ಆಸ್ಪತ್ರೆ ಸೇರುವಂಥ ರೋಟಾ ಭೇದಿ ಅರ್ಧಕ್ಕರ್ಧ ಕಡಿಮೆಯಾಗುವುದು ಸಣ್ಣ ಮಾತಲ್ಲ. 6, 10, 14ನೇ ವಾರಕ್ಕೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ನಿಮ್ಮ ಕೂಸಿಗೆ ಎರಡು ತಿಂಗಳಾದ್ದರಿಂದ, ಮೊದಲ ಡೋಸ್ ಆಗಿಲ್ಲದಿದ್ದರೆ ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕರುವನ್ನು ನೋಡಿಕೊಳ್ಳುವವರು ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಲಿ. ಎದೆಹಾಲು ನಿಲ್ಲಿಸಬೇಡಿ. ಕೂಸಿಗೆ ಭೇದಿ ಶುರುವಾಗಿ ಉಚ್ಚೆ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಹಾಲು ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮುಂದಿನ ಕರು ಹುಟ್ಟಿದಾಗ ಅದಕ್ಕೆ ಮೊದಲ ಕೆಲವು ತಾಸುಗಳಲ್ಲೇ ಗಿಣ್ಣುಹಾಲು ಹೊಟ್ಟೆತುಂಬ ಕುಡಿಸಿ, ಉಳಿದದ್ದನ್ನು ಮನೆಯವರು ತಿನ್ನಬಹುದು.