ಓದುಗರ ಪ್ರಶ್ನೆಗಳಿಗೆ ಉತ್ತರ: ಮುಂಬಯಿ ತಾರಸಿಯಿಂದ ಗುರುಗ್ರಹ

ಪ್ರಶ್ನೆ: ಕಟ್ಟಡದ ತಾರಸಿಯಲ್ಲಿ 8 ಇಂಚಿನ ಕನ್ನಡಿಯ, ಕೈಯಿಂದ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕ ಇಟ್ಟುಕೊಂಡಿದ್ದೇನೆ. ಕಣ್ಣಿಟ್ಟು ನೋಡಿದರೆ ಗುರುಗ್ರಹದ ಎರಡು ಕಂದು ಪಟ್ಟಿಗಳು ಕಾಣುತ್ತವೆ, ಆದರೆ ಮೊಬೈಲಿನಲ್ಲಿ ಚಿತ್ರ ತೆಗೆದರೆ ಬರೀ ಬಿಳಿ ಉಂಡೆ. ಇದು ನಗರದ ದೀಪಗಳ ಕಾಟವೇ? ವಾಂಗಣಿಯಂಥ ಕತ್ತಲೆಯ ಕಡೆ ಹೋಗಬೇಕೇ? (ಡೊಂಬಿವಲಿಯ ಓದುಗರು)

ಉತ್ತರ: ಹೋಗಬೇಕಾಗಿಲ್ಲ. ನೀಹಾರಿಕೆ, ಗ್ಯಾಲಕ್ಸಿಗಳಿಗೆ ಕತ್ತಲೆ ಬೇಕೇ ಬೇಕು. ಗುರುವಾದರೋ ಬೀದಿದೀಪಗಳ ನಡುವೆಯೂ ಎದ್ದು ಕಾಣುವಷ್ಟು ಪ್ರಕಾಶಮಾನ. ಬಿಳಿ ಉಂಡೆಗೆ ಕಾರಣ ಮೊಬೈಲು. ಸುತ್ತಲಿನ ಕಪ್ಪು ಆಕಾಶವನ್ನು ನೋಡಿ ಅದು ಎಕ್ಸ್‌ಪೋಷರನ್ನು, ಅಂದರೆ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ತಾನಾಗಿ ಏರಿಸುತ್ತದೆ. ಅದನ್ನು ಕೈಯಿಂದ ಇಳಿಸುತ್ತ ಬಂದರೆ ಪಟ್ಟಿಗಳು ಮೂಡುತ್ತವೆ.

ನಿಮ್ಮ ನಿಜವಾದ ಎದುರಾಳಿ ನಡುಗುವ ಗಾಳಿ. ಹಗಲೆಲ್ಲ ಕಾದ ಕಾಂಕ್ರೀಟು ಸೂರ್ಯಾಸ್ತವಾದ ಮೇಲೂ ಗಂಟೆಗಟ್ಟಲೆ ಬಿಸಿ ಉಗುಳುತ್ತಿರುತ್ತದೆ. ಏಸಿಗಳ ಹೊರಘಟಕಗಳೂ ಅದಕ್ಕೆ ಜೊತೆಗೂಡುತ್ತವೆ. ಆದ್ದರಿಂದ ತಡರಾತ್ರಿಯವರೆಗೆ ಕಾಯುವುದು ಲೇಸು. ಇನ್ನೊಂದು ಮಾತು: ಏಸಿ ಕೋಣೆಯಿಂದ ದೂರದರ್ಶಕವನ್ನು ನೇರವಾಗಿ ತಾರಸಿಗೆ ಒಯ್ದರೆ, ನಮ್ಮ ಕರಾವಳಿಯ ತೇವಕ್ಕೆ ಕನ್ನಡಿ ಕೂಡಲೇ ಮಂಜುಗಟ್ಟುತ್ತದೆ. ಆಗ ಅದನ್ನು ಒರೆಸಲು ಹೋಗಬೇಡಿ, ತಾನಾಗಿ ಆರಲು ಬಿಡಿ.

ಒಂದೇ ಚಿತ್ರದ ಬದಲು ವಿಡಿಯೊ ತೆಗೆಯಿರಿ. ಗಾಳಿ ಕ್ಷಣಮಾತ್ರ ಸ್ತಬ್ಧವಾದಾಗ ಸಿಕ್ಕ ಸ್ಪಷ್ಟ ಫ್ರೇಮುಗಳನ್ನು ಆಟೊಸ್ಟಾಕರ್ಟ್‌ನಂಥ ಉಚಿತ ತಂತ್ರಾಂಶ ಆರಿಸಿ ಒಂದರ ಮೇಲೊಂದು ಜೋಡಿಸಿಕೊಡುತ್ತದೆ, ಬಳಿಕ ರಿಜಿಸ್ಟ್ಯಾಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಅಂಚುಗಳನ್ನು ಹರಿತಗೊಳಿಸಬಹುದು. ಆದರೆ ಒಂದು ವಿಡಿಯೊ ಎರಡು ಮೂರು ನಿಮಿಷ ಮೀರಬಾರದು. ಗುರು 10 ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ, ಮೂರು ನಿಮಿಷದಲ್ಲಿ ಬಿಂಬದ ನಡುವಿನ ಕಲೆಗಳು ಸುಮಾರು 0.7 ಆರ್ಕ್ ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್ ಸೆಕೆಂಡು) ಸರಿದುಬಿಡುತ್ತವೆ; ನಿಮ್ಮ 8 ಇಂಚಿನ ಕನ್ನಡಿ ಬೇರ್ಪಡಿಸಿ ತೋರಿಸಬಲ್ಲ ಅಂತರ ಸುಮಾರು 0.6. ಅದಕ್ಕಿಂತ ಹೆಚ್ಚು ಹೊತ್ತಿನ ಫ್ರೇಮುಗಳನ್ನು ಸೇರಿಸಿದರೆ ವಿವರಗಳು ಕಲಸಿಹೋಗುತ್ತವೆ. ಮೋಟಾರು ಇಲ್ಲದ ಡಾಬ್ಸೋನಿಯನ್‌ನಲ್ಲಿ ಗ್ರಹವು ಮೂರು ಸೆಕೆಂಡಿಗೆ ಸುಮಾರು ತನ್ನ ಅಗಲದಷ್ಟೇ ದೂರ ಓಡುತ್ತಿರುತ್ತದೆ. ಅದನ್ನು ಅಟ್ಟಿಸಿಕೊಂಡು ಹೋಗದೆ, ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾಯಲು ಬಿಟ್ಟು, ಮತ್ತೆ ಮತ್ತೆ ಚಿತ್ರಿಸಿಕೊಳ್ಳಿ.

2027ರ ಫೆಬ್ರವರಿಯಲ್ಲಿ ಗುರು ಸೂರ್ಯನಿಗೆ ಎದುರಾಗಿ ನಿಲ್ಲುತ್ತದೆ. ಆಗ ನಡುರಾತ್ರಿಯ ಸುಮಾರಿಗೆ ಮುಂಬಯಿಯವರ ನೆತ್ತಿಯ ಹತ್ತಿರವೇ ಇರುತ್ತದೆ. ನೆತ್ತಿಯ ಮೇಲಿನ ಗ್ರಹದ ಬೆಳಕು ಅತಿ ಕಡಿಮೆ ಗಾಳಿಯನ್ನು ಹಾದು ಬರುತ್ತದೆಂಬುದು ಉಷ್ಣವಲಯದ ನಮಗೆ ಒದಗಿರುವ ದೊಡ್ಡ ಅನುಕೂಲ. ಯುರೋಪಿನ ಅನೇಕರಿಗೆ ಇದು ದಕ್ಕದು.

ಪ್ರಶ್ನೆ: ಹವ್ಯಾಸಿಗಳ ಇಂಥ ಚಿತ್ರಗಳಿಂದ ವಿಜ್ಞಾನಕ್ಕೇನಾದರೂ ಪ್ರಯೋಜನವಿದೆಯೇ? (ಪುಣೆಯ ಓದುಗರು)

ಉತ್ತರ: ಖಂಡಿತ ಇದೆ. 2009ರ ಜುಲೈ 19ರಂದು ಗುರುವಿನ ಮೇಲೆ ಹೊಸ ಕಪ್ಪು ಗಾಯವೊಂದನ್ನು ಮೊದಲು ಕಂಡವರು ಆಸ್ಟ್ರೇಲಿಯದ ಹವ್ಯಾಸಿ ಆಂಟನಿ ವೆಸ್ಲಿ. ಯಾವುದೋ ಕಾಯ ಗ್ರಹಕ್ಕೆ ಅಪ್ಪಳಿಸಿದ ಗುರುತು ಅದು. 2006ರಲ್ಲಿ ಓವಲ್ ಬಿಎ ಎಂಬ ಬಿಳಿ ಸುಳಿ ಕೆಂಪೇರಿದ್ದನ್ನು ಗುರುತಿಸಿದ ಕ್ರಿಸ್ಟೋಫರ್ ಗೋ, ಫಿಲಿಪೀನ್ಸಿನ ಸೆಬು ಎಂಬ ಕಡಲತಡಿಯ ನಗರದವರು. ನಮ್ಮಂಥದೇ ಸೆಕೆಯ, ದೀಪಗಳ ಊರಿನಲ್ಲಿ ಕುಳಿತು ಈ ಕೆಲಸ ಮಾಡಿದ್ದಾರೆಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರತಿ ಚಿತ್ರದೊಂದಿಗೆ ತಾರೀಖು ಮತ್ತು ನಿಮಿಷ ಸಹಿತವಾದ ಸಮಯವನ್ನು ತಪ್ಪದೆ ಬರೆದಿಡಿ, ಅದಿಲ್ಲದಿದ್ದರೆ ಎಷ್ಟು ಸುಂದರ ಚಿತ್ರವಾದರೂ ಅಧ್ಯಯನಕ್ಕೆ ಒದಗದು. ನಿಮ್ಮ ಊರಿನಲ್ಲೇ 1944ರಿಂದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಎಂಬ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ, ಅಲ್ಲಿ ವಿಚಾರಿಸಿ.

ಪ್ರಶ್ನೆ: ದೂರದರ್ಶಕ ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ಬೈನಾಕ್ಯುಲರಿನಿಂದ ಗುರುವಿನ ಉಪಗ್ರಹಗಳು ಕಾಣುತ್ತವೆಯೇ? (ಮಡಗಾಂವದ ಓದುಗರು)

ಉತ್ತರ: 10x50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರು ಸಾಕು. ಕೈ ನಡುಗದಂತೆ ಗೋಡೆಗೆ ಒರಗಿಸಿ ಹಿಡಿದರೆ, 1610ರಲ್ಲಿ ಗೆಲಿಲಿಯೊ ಕಂಡ ಆ ನಾಲ್ಕೂ ಚುಕ್ಕೆಗಳು ಒಂದೇ ಗೆರೆಯ ಮೇಲೆ ಕಾಣುತ್ತವೆ. ಒಂದೆರಡು ಗ್ರಹದ ಮುಂದೆಯೋ ಹಿಂದೆಯೋ ಅಡಗಿದ್ದರೆ ಮಾತ್ರ ಸಿಗುವುದಿಲ್ಲ. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಅವುಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿ. ಅವುಗಳಲ್ಲೊಂದಾದ ಅಯೋ 42 ಗಂಟೆಗಳಲ್ಲೇ ಗುರುವನ್ನು ಒಂದು ಸುತ್ತು ಹಾಕಿ ಬರುವುದರಿಂದ, ಅದು ಜಾಗ ಬದಲಿಸಿದ್ದು ಅದೇ ರಾತ್ರಿ ನಿಮಗೆ ತಿಳಿಯುತ್ತದೆ.