ಪೋಸ್ಟ್‌ಗ್ರೆಸ್‌ನಲ್ಲಿ ಅತಿ ಹೆಚ್ಚು ಸಲ ಓಡುವ ಕ್ವೆರಿಗಳನ್ನು ಗುರುತಿಸುವ ಬಗೆ

ಪೋಸ್ಟ್‌ಗ್ರೆಸ್ ಡೇಟಾಬೇಸಿನ ನಿಧಾನ ಕ್ವೆರಿಗಳ (ಡೇಟಾಬೇಸಿಗೆ ಕಳಿಸುವ ಆದೇಶಗಳ) ಲಾಗ್ ಬಹುತೇಕ ಖಾಲಿಯಿದ್ದರೂ ಸಿಪಿಯು ಮೇಲಿನ ಹೊರೆ ಇಳಿಯುತ್ತಿಲ್ಲ, ಯಾವ ಕ್ವೆರಿ ಅತಿ ಹೆಚ್ಚು ಸಲ ಓಡುತ್ತಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಆ ಲಾಗ್ ನೀವು ನಿಗದಿಪಡಿಸಿದ ಅವಧಿಯನ್ನು ಮೀರಿದವುಗಳನ್ನಷ್ಟೇ ದಾಖಲಿಸುವುದರಿಂದ, 2 ಮಿಲಿಸೆಕೆಂಡಿನಲ್ಲಿ ಮುಗಿದು ದಿನವಿಡೀ ಮತ್ತೆ ಮತ್ತೆ ಬರುವ ಕ್ವೆರಿ ಅದರಲ್ಲಿ ಕಾಣಿಸುವುದೇ ಇಲ್ಲ.

ಇದಕ್ಕೆ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಎಂಬ ಎಕ್ಸ್‌ಟೆನ್ಶನ್ (ಬೇಕಾದಾಗ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಇದೆ. ಅದರ ಹೆಸರನ್ನು ಕಾನ್ಫಿಗರೇಶನ್ ಫೈಲಿನ ‘ಶೇರ್ಡ್_ಪ್ರಿಲೋಡ್_ಲೈಬ್ರರೀಸ್’ ಸಾಲಿಗೆ ಸೇರಿಸಿ, ಸರ್ವರನ್ನು ರೀಸ್ಟಾರ್ಟ್ ಮಾಡಿದ ಮೇಲೆ (ಬರೀ ರಿಲೋಡ್ ಸಾಲದು) ‘ಕ್ರಿಯೇಟ್ ಎಕ್ಸ್‌ಟೆನ್ಶನ್’ ಆದೇಶವನ್ನು ನೀಡಿರಿ. ಅನಂತರ ಅದೇ ಹೆಸರಿನ ವ್ಯೂನ (ಟೇಬಲಿನಂತೆ ಓದಬಹುದಾದ ಪಟ್ಟಿಯ) ಸಾಲುಗಳನ್ನು, ಕ್ವೆರಿ ಎಷ್ಟು ಸಲ ಓಡಿತೆಂದು ಹೇಳುವ ‘ಕಾಲ್ಸ್’ ಕಾಲಮ್ಮಿನ ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೊದಲ 20ನ್ನು ನೋಡಿದರೆ ನಿಮ್ಮ ಉತ್ತರ ಸಿಗುತ್ತದೆ. ಕ್ವೆರಿಯೊಳಗಿನ ಮೌಲ್ಯಗಳ ಜಾಗದಲ್ಲಿ ಡಾಲರ್ ಚಿಹ್ನೆಯ ಗುರುತನ್ನಿಟ್ಟು ಎಣಿಸುವುದರಿಂದ, ಗ್ರಾಹಕ ಸಂಖ್ಯೆ 15ಕ್ಕೆ ಕೇಳಿದ್ದೂ 9000ಕ್ಕೆ ಕೇಳಿದ್ದೂ ಒಂದೇ ಸಾಲಿನಲ್ಲಿ ಸೇರುತ್ತವೆ.

ಆದರೆ ಎಣಿಕೆಯೊಂದನ್ನೇ ನಂಬುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ; ‘ಬಿಗಿನ್’, ‘ಕಮಿಟ್’ಗಳಂಥ ನಿರುಪದ್ರವಿ ಆದೇಶಗಳೂ ಪಟ್ಟಿಯ ಮೇಲ್ತುದಿಯಲ್ಲಿ ಬಂದು ಕೂರುತ್ತವೆ. ಆದ್ದರಿಂದ ಓಡಲು ಹಿಡಿದ ಒಟ್ಟು ಸಮಯವನ್ನು ತೋರಿಸುವ ‘ಟೋಟಲ್_ಎಕ್ಸೆಕ್_ಟೈಮ್’ ಕಾಲಮ್ಮನ್ನೂ ಜೊತೆಗೇ ಓದಿರಿ. ಪೋಸ್ಟ್‌ಗ್ರೆಸ್ 12 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಇದರ ಹೆಸರು ‘ಟೋಟಲ್_ಟೈಮ್’. ಅಂಕಿಗಳು ಸಂಚಿತವಾಗಿರುವುದರಿಂದ, ಹೊರೆ ಹೆಚ್ಚಿರುವ ಹೊತ್ತಿಗೆ ಮುಂಚೆ, ಅವನ್ನು ಸೊನ್ನೆಗಿಳಿಸುವ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್_ರಿಸೆಟ್’ ಫಂಕ್ಷನ್ ಕರೆದು, ಗಂಟೆಯ ಬಳಿಕ ನೋಡುವುದು ಒಳ್ಳೆಯದು.

ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್) ಮೂಲಕ ಒಂದೇ ಸಾಲನ್ನು ತರುವ ಕ್ವೆರಿ ಮೇಲ್ತುದಿಯಲ್ಲಿ ಕಂಡರೆ, ಹೊಸ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ ಪ್ರಯೋಜನವಿಲ್ಲ; ಪ್ರೈಮರಿ ಕೀಗೆ ಅದು ಈಗಾಗಲೇ ಇರುತ್ತದೆ. ಅಪ್ಲಿಕೇಶನ್‌ನ ಯಾವುದೋ ಲೂಪ್ ಆ ಕ್ವೆರಿಯನ್ನು ಪ್ರತಿ ಸುತ್ತಿನಲ್ಲೂ ಕರೆಯುತ್ತಿದೆಯೇ ಎಂದು ಮೊದಲು ಪರಿಶೀಲಿಸಿರಿ.